ಹೊಸ್ತಿಲ ಮೇಲಿನ ಸೊನ್ನೆ

ನಮ್ಮ ಮೇಡಂ ನಿವೃತ್ತರಾದಾಗ ಕಾಲೇಜಿನಲ್ಲಿ ಭರ್ಜರಿ ಸಮಾರಂಭ ನಡೆಯಿತು. ಶಾಲು ಹೊದಿಸಿದರು, ಏಲಕ್ಕಿ ಹಾರ ಹಾಕಿದರು, ಒಬ್ಬರಾದ ಮೇಲೆ ಒಬ್ಬರು ಎದ್ದು ಹೊಗಳಿದರು. ಮೇಡಂ ಕೈಯಲ್ಲಿ ಪಳಗಿದವರು ಇವತ್ತು ಎಷ್ಟೋ ಊರುಗಳ ಕೆರೆದಂಡೆ, ಪಾರ್ಕು, ಬೀದಿಗಳನ್ನು ರೂಪಿಸುತ್ತಿದ್ದಾರೆ ಎಂದರು. ಎಲ್ಲ ನಿಜವೇ. ನನ್ನನ್ನೂ ಎರಡು ಮಾತಾಡು ಎಂದು ಕರೆದರು. “ಮೇಡಂ ಹತ್ತಿರ ನಾನು ತಿಂದಷ್ಟು ಬೈಗುಳ ಯಾರೂ ತಿಂದಿಲ್ಲ, ಅದಕ್ಕೇ ಇವತ್ತು ಅನ್ನ ತಿನ್ನುತ್ತಿದ್ದೇನೆ” ಎಂದು ಹೇಳಿ, ಎಲ್ಲರೂ ನಕ್ಕ ಮೇಲೆ ಇಳಿದು ಬಂದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಮೈಕಿನ ಮುಂದೆ ಹೇಳುವಂಥದಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೇಡಂ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಬೆಳಗಾಗುವಷ್ಟರಲ್ಲಿ ಫೋನ್ ಬರುತ್ತದೆ, ಬೈಗುಳದ ಲೆಕ್ಕ ಇನ್ನೂ ಬೆಳೆಯುತ್ತದೆ.

ನಾನು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರಿನಲ್ಲಿ ಸ್ನಾತಕೋತ್ತರ ಪದವಿಗೆ ಸೇರುತ್ತೇನೆಂದಾಗ ನಮ್ಮ ಸೋದರಮಾವ, “ಗಿಡ ನೆಡೋದಕ್ಕೂ ಎಂ.ಆರ್ಕ್ ಮಾಡ್ಬೇಕೇನೇ?” ಎಂದು ಕೇಳಿದ್ದರು. ನನಗೂ ಹೆಚ್ಚುಕಡಿಮೆ ಅಷ್ಟೇ ಗೊತ್ತಿತ್ತು. ಮೊದಲ ವಾರವೇ ಮೇಡಂ ಆ ಭ್ರಮೆ ಬಿಡಿಸಿದರು. “ಗಿಡ ಆಮೇಲೆ. ಮೊದಲು ನೆಲ. ನೆಲ ಎಲ್ಲಿ ಏರತ್ತೆ, ಎಲ್ಲಿ ಇಳಿಯತ್ತೆ, ಬಿದ್ದ ಮಳೆ ಯಾರ ಮನೆ ಕಡೆ ಹೋಗತ್ತೆ, ಇದು ಗೊತ್ತಿಲ್ದೆ ಗಿಡ ನೆಟ್ರೆ ಅದು ಮದುವೆ ಮಂಟಪದ ಡೆಕೋರೇಶನ್ನು” ಎಂದರು. ನಾವು ಓದುತ್ತಿದ್ದದ್ದು ಜೆ.ಪಿ. ನಗರದ ಆಚೆಯ ಒಂದು ಕಾಲೇಜಿನಲ್ಲಿ. ತರಗತಿಯಲ್ಲಿ ಕೇರಳದವರು, ಗುಜರಾತಿನವರು, ಅಸ್ಸಾಮಿನವಳೊಬ್ಬಳು. ಪಾಠವೆಲ್ಲ ಇಂಗ್ಲಿಷಿನಲ್ಲೇ. ಆದರೆ ಒಂದು ಪದವನ್ನು ಮಾತ್ರ ಮೇಡಂ ಯಾವತ್ತೂ ಇಂಗ್ಲಿಷಿನಲ್ಲಿ ಹೇಳಿದವರಲ್ಲ. ಅದು ಸೊನ್ನೆ.

ನಕ್ಷೆಯಲ್ಲಿ ಏರುತಗ್ಗು ಬರೆಯಬೇಕಾದರೆ ಎಲ್ಲೋ ಒಂದು ಕಡೆ ‘ಇದು ಸೊನ್ನೆ’ ಎಂದು ಗುರುತು ಹಾಕಿಕೊಳ್ಳಬೇಕು. ಅದಕ್ಕಿಂತ ಮೇಲಿರುವುದೆಲ್ಲ ಪ್ಲಸ್, ಕೆಳಗಿರುವುದೆಲ್ಲ ಮೈನಸ್. ಬೀದಿಯ ಕೆಲಸವಾದರೆ ಈಗಿರುವ ರಸ್ತೆಯ ನೆತ್ತಿಯನ್ನೇ, ಅಂದರೆ ನಡುಮಧ್ಯದ ಎತ್ತರವನ್ನೇ, ಸೊನ್ನೆ ಎಂದುಕೊಳ್ಳುವುದು ರೂಢಿ. ಸುಲಭ, ಎಲ್ಲರೂ ಹಾಗೇ ಮಾಡುತ್ತಾರೆ. ಮೇಡಂಗೆ ಅದು ಕಣ್ಣಿಗೆ ಕಂಡರಾಗುತ್ತಿರಲಿಲ್ಲ. ನಾವು ವಾರಗಟ್ಟಲೆ ನಿದ್ದೆಗೆಟ್ಟು ಬಿಡಿಸಿದ ಹಾಳೆಗಳನ್ನು ಗೋಡೆಗೆ ಹಚ್ಚಿ ನಿಂತರೆ, ಅವರು ಬಣ್ಣ ನೋಡುತ್ತಿರಲಿಲ್ಲ, ಮರ ನೋಡುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿ, ಮೂಗು ಹಾಳೆಗೆ ತಾಗುವಷ್ಟು ಬಗ್ಗಿ, “ಸೊನ್ನೆ ಎಲ್ಲಿದೆ?” ಎನ್ನುತ್ತಿದ್ದರು.

ರಸ್ತೆಯ ಮೇಲೆ ತೋರಿಸಿದರೆ ಮುಗಿಯಿತು. “ರಸ್ತೆಗೆ ಏನಮ್ಮಾ ಕಷ್ಟ? ಅದರೊಳಗೆ ಯಾರಾದ್ರೂ ಮಲಗ್ತಾರಾ? ಬೀದಿಯಲ್ಲಿ ಎಲ್ಲಕ್ಕಿಂತ ತಗ್ಗಲ್ಲಿ ಯಾರ ಮನೆ ಹೊಸ್ತಿಲಿದೆ, ಹೋಗಿ ಹುಡುಕು. ಅದರ ಮೇಲೆ ಸೊನ್ನೆ ಇಡು. ಆಮೇಲೆ ನಿನ್ನ ರಸ್ತೆ ಬಿಡಿಸು.” ಇದು ಯಾವ ಪುಸ್ತಕದಲ್ಲೂ ಇಲ್ಲದ ವಿಧಾನ. ಸರ್ವೆ ಕಲಿಸುತ್ತಿದ್ದ ಹಿರಿಯ ಮೇಷ್ಟ್ರೊಬ್ಬರು ಒಮ್ಮೆ ನಮ್ಮೆಲ್ಲರ ಎದುರಿಗೇ, “ಸೊನ್ನೆ ಎಲ್ಲಾದ್ರೂ ಇರ್ಲಿ ಮೇಡಂ, ಲೆಕ್ಕ ಸರಿ ಇದ್ರೆ ಸಾಕು” ಎಂದು ವಾದಿಸಿದರು. ಮೇಡಂ, “ಲೆಕ್ಕ ಸರೀನೇ ಇರತ್ತೆ ಸಾರ್. ನೀರು ಮನೆ ಒಳಗಿರತ್ತೆ” ಎಂದರು. ಮೇಷ್ಟ್ರು ಕಾಫಿಗೆ ಹೋಗಿಬಿಟ್ಟರು.

ಹೊರಗಿನಿಂದ ಬಂದ ಹುಡುಗರು ಕನ್ನಡದಲ್ಲಿ ಮೊದಲು ಕಲಿತ ಪದವೇ ಸೊನ್ನೆ. ಆಟೋದವರ ಹತ್ತಿರ ಹಿಂದಿಯಲ್ಲಿ ಪರದಾಡುತ್ತಿದ್ದ ಗುಜರಾತಿ ಹುಡುಗಿ ಮೇಡಂ ಬಾಗಿಲಲ್ಲಿ ಕಂಡರೆ ಸಾಕು, “ಏ, ಸೊನ್ನೆ ಬಂತು!” ಎಂದು ಪಿಸುಗುಟ್ಟುತ್ತಿದ್ದಳು. ಅವರಿಗೆ ‘ಸೊನ್ನೆ ಮೇಡಂ’ ಎಂಬ ಅಡ್ಡಹೆಸರು ಹೀಗೆ ಬಂತೇ ಹೊರತು ಅವರು ಕೊಡುತ್ತಿದ್ದ ಮಾರ್ಕಿನಿಂದಲ್ಲ. ಅದಕ್ಕೂ ಹೆಸರು ಒಪ್ಪುತ್ತಿತ್ತು, ಆ ಮಾತು ಬೇರೆ.

ಇನ್ನೊಂದು ಭಯವಿತ್ತು. ಅವರ ಸ್ಟೀಲಿನ ನೀರಿನ ಬಾಟಲಿ. ನಾವು ರಟ್ಟಿನ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಇಡೀ ಬಡಾವಣೆಯ ಮಾಡೆಲ್ ಮಾಡಿಟ್ಟಿರುತ್ತಿದ್ದೆವು. ಜ್ಯೂರಿಯ ದಿನ, ಅಂದರೆ ನಾಲ್ಕು ಜನ ಹಿರಿಯರು ಕೂತು ನಮ್ಮ ಕೆಲಸವನ್ನು ಜಾಲಾಡುವ ದಿನ, ಮೇಡಂ ಎಲ್ಲ ಕೇಳಿಸಿಕೊಂಡು, ಬಾಟಲಿಯ ಮುಚ್ಚಳ ತಿರುಗಿಸುತ್ತ, “ನೀರು ಹಾಕೋಣ್ವಾ?” ಎನ್ನುತ್ತಿದ್ದರು. ಹಾಕಿಯೂ ಬಿಡುತ್ತಿದ್ದರು. ನಾವು ಕೈಯಲ್ಲಿ ಬಿಡಿಸಿದ ಕಾಲುವೆಯನ್ನು ಬಿಟ್ಟು ನೀರು ತನಗೆ ಬೇಕಾದ ಕಡೆ ಹೋಗಿ, ಮೇಜಿನಿಂದ ಇಳಿದು, ಜ್ಯೂರಿಗೆ ಬಂದವರ ಪ್ಯಾಂಟು ಒದ್ದೆ ಮಾಡಿದ್ದೂ ಉಂಟು. ನಾವು ಬುದ್ಧಿವಂತರಾಗಿ ಮಾಡೆಲ್‌ಗೆ ವಾರ್ನಿಶ್ ಬಳಿಯತೊಡಗಿದೆವು. ರಟ್ಟು ಉಳಿಯಿತು, ಮಾನ ಉಳಿಯಲಿಲ್ಲ.

ಬೀದಿಯಲ್ಲಿ ಅವರ ಜೊತೆ ನಡೆಯುವುದು ಒಂದು ಪರೀಕ್ಷೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಜನ ಕಿಕ್ಕಿರಿದ ಫುಟ್‌ಪಾತಿನ ಮೇಲೆ ಇದ್ದಕ್ಕಿದ್ದಂತೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ನೆಲದ ವಾಟ ನೋಡುತ್ತಿದ್ದರು. ಕಾಟನ್ ಸೀರೆಯ ಸೆರಗು ಧೂಳಿನಲ್ಲಿ. ಹಿಂದಿನಿಂದ ಬಂದವರು, “ಆಂಟಿ, ಏನಾದ್ರೂ ಬಿತ್ತಾ?” ಎಂದು ಬಗ್ಗಿ ಹುಡುಕಲು ಶುರುಮಾಡುತ್ತಿದ್ದರು. “ಏನೂ ಬಿದ್ದಿಲ್ಲಪ್ಪ, ನೀರು ಎಲ್ಲಿ ಬೀಳತ್ತೆ ಅಂತ ನೋಡ್ತಿದೀನಿ” ಎನ್ನುವಾಗ ನನಗೆ ನಾಚಿಕೆಯಾಗಿ ಕಡ್ಲೆಕಾಯಿ ಗಾಡಿಯ ಹಿಂದೆ ಅಡಗುತ್ತಿದ್ದೆ. ಕಂಪ್ಯೂಟರಿನಲ್ಲಿ ನಾವು ಅಂಟಿಸುತ್ತಿದ್ದ ಕೋಟು ತೊಟ್ಟ ವಿದೇಶಿ ಜನರ ಚಿತ್ರಗಳನ್ನು ತೋರಿಸಿ, “ಇವರೆಲ್ಲ ಬನಶಂಕರಿಗೆ ಯಾವಾಗ ಬಂದ್ರು? ಸೊಪ್ಪಿನ ಚೀಲ ಯಾರ ಕೈಲೂ ಇಲ್ವಲ್ಲ” ಎಂದು ಕೇಳುತ್ತಿದ್ದವರೂ ಅವರೇ.

ಅವರ ಮನೆಗೆ ಮೊದಲು ಹೋದಾಗ ಮೆಟ್ಟಿಲು ಹತ್ತಿ ಹೋಗಿದ್ದೆ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಬನಶಂಕರಿಯ ತಗ್ಗಿನ ಕಡೆ, ಚಿಕ್ಕಲಸಂದ್ರಕ್ಕೆ ಇಳಿಯುವ ದಿಕ್ಕಿನಲ್ಲಿ ಒಂದು ಅಡ್ಡರಸ್ತೆ. ಅಲ್ಲಿ ಹಂಚಿಕೆಯಾಗಿದ್ದ ಒಂದು ಸೈಟಿನಲ್ಲಿ ಮೇಡಂ ಮತ್ತು ಅವರ ಅಕ್ಕ ಇಬ್ಬರೂ ಸೇರಿ ಕಟ್ಟಿಸಿದ ಪುಟ್ಟ ಮನೆ. ಇಬ್ಬರೂ ಮದುವೆಯಾಗಲಿಲ್ಲ. ಅಕ್ಕ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮಂಡಿನೋವು ಬಹಳ. ಆದರೆ ಬಾಯಿಗೆ ಯಾವ ನೋವೂ ಇರಲಿಲ್ಲ. ಮುಂಬಾಗಿಲ ಜಗಲಿಯ ಮೇಲೆ ಬೆತ್ತದ ಕುರ್ಚಿ ಹಾಕಿಕೊಂಡು ಬೀದಿಯ ಇಡೀ ವ್ಯವಹಾರ ನಡೆಸುತ್ತಿದ್ದರು. ಸೊಪ್ಪಿನವಳು, ಪೇಪರಿನವನು, ಎದುರುಮನೆ ಗೌಡರು, ಎಲ್ಲರೂ ತಲೆಯೆತ್ತಿ ಅವರನ್ನು ಮಾತನಾಡಿಸಬೇಕಾಗಿತ್ತು. “ನೋಡು, ಬ್ಯಾಂಕಲ್ಲಿ ಕೌಂಟರ್ ಹಿಂದೆ ಕೂತಿದ್ದೆ, ಈಗ ಕೌಂಟರ್ ಮೇಲೇ ಕೂತಿದೀನಿ” ಎಂದು ನನಗೆ ಹೇಳಿದ್ದರು.

ಆ ಜಗಲಿ ಇಳಿಯುತ್ತ ಬಂತು. ಇಳಿಯಿತು ಎನ್ನುವುದು ತಪ್ಪು, ರಸ್ತೆ ಏರಿತು. ಬೆಂಗಳೂರಿನಲ್ಲಿ ಯಾರೂ ಹಳೆಯ ಟಾರು ಕಿತ್ತು ಹೊಸದು ಹಾಕುವುದಿಲ್ಲವಲ್ಲ. ಇದ್ದದ್ದರ ಮೇಲೆ ಒಂದು ಪದರ. ಗುಂಡಿ ಬಿತ್ತೆಂದು ಇನ್ನೊಂದು. ಚುನಾವಣೆ ಬಂತೆಂದು ಮತ್ತೊಂದು. ನಾನು ಓದು ಮುಗಿಸಿ ಕೆಲಸಕ್ಕೆ ಸೇರಿ ಆಗೊಮ್ಮೆ ಈಗೊಮ್ಮೆ ಹೋಗುವಾಗ ಪ್ರತಿ ಸಲ ಒಂದು ಮೆಟ್ಟಿಲು ಕಡಿಮೆ ಇರುತ್ತಿತ್ತು. ಆಮೇಲೆ ಮೆಟ್ಟಿಲೇ ಇಲ್ಲ, ಸೀದಾ ಒಳಗೆ. ಆಮೇಲೆ ಗೇಟಿನಿಂದ ಬಾಗಿಲಿಗೆ ಇಳಿದು ಹೋಗಬೇಕಾಯಿತು. ಅಕ್ಕ ಅದೇ ಬೆತ್ತದ ಕುರ್ಚಿಯಲ್ಲೇ ಕೂತಿರುತ್ತಿದ್ದರು. “ಈಗ ನಂಗೆ ಎಲ್ರ ಚಪ್ಪಲಿ ಮಾತ್ರ ಕಾಣತ್ತೆ ಕಣೇ. ಚಪ್ಪಲಿ ನೋಡಿ ಯಾರು ಅಂತ ಹೇಳ್ತೀನಿ. ನಿಂದು ಸವೆದಿದೆ, ಹೊಸದು ತಗೋ” ಎಂದರು. ನಾನು ನಕ್ಕೆ. ಮೇಡಂ ನಗಲಿಲ್ಲ.

ಅವತ್ತು ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತ ಮೇಡಂ ನನಗೆ ಹೇಳಿದರು: “ಪ್ರತಿ ಸಲ ಡ್ರಾಯಿಂಗ್ ಮಾಡೋರು ಇರೋ ರಸ್ತೇನೇ ಸೊನ್ನೆ ಅಂತಾರೆ. ಅದರ ಮೇಲೆ ಸ್ವಲ್ಪ ಏರಿಸ್ತಾರೆ. ಮುಂದಿನ ಸಲದೋರು ಆ ಏರಿದ್ದನ್ನೇ ಸೊನ್ನೆ ಅಂತಾರೆ. ಸೊನ್ನೆಯೇ ಮೇಲಕ್ಕೆ ಹೋಗ್ತಿದೆ ಕಣೇ. ಕಾಗದದ ಮೇಲೆ ನಮ್ಮ ರಸ್ತೆ ಯಾವತ್ತೂ ಎದ್ದೇ ಇಲ್ಲ. ಅಂದ್ರೆ ನಮ್ಮನೇನೇ ತಾನಾಗಿ ತಾನು ಮುಳುಗ್ತಾ ಇರ್ಬೇಕು.” ಕಾಲೇಜಿನಲ್ಲಿ ಅವರು ಯಾಕೆ ಆ ಒಂದು ಪ್ರಶ್ನೆಗೆ ಅಷ್ಟು ಜೋತುಬಿದ್ದಿದ್ದರು ಎಂದು ನನಗೆ ಅರ್ಥವಾದದ್ದು ಆ ಅಡುಗೆಮನೆಯಲ್ಲಿ, ಅಷ್ಟು ವರ್ಷಗಳ ನಂತರ.

ಮಳೆಗಾಲ ಬಂದರೆ ಆ ಮನೆಯಲ್ಲಿ ಯುದ್ಧ. ಮೇಡಂ ಗೇಟಿಗೆ ಸಿಮೆಂಟಿನ ಒಡ್ಡು ಕಟ್ಟಿಸಿದರು. ನೀರು ಗೇಟು ಬಿಟ್ಟು ಬಚ್ಚಲಿನ ಪೈಪಿನಿಂದ ಮೇಲೆ ಬಂತು. ಬಚ್ಚಲಿಗೆ ತಡೆ ಹಾಕಿಸಿದರು. ಗೋಡೆ ಒದ್ದೆಯಾಯಿತು. ಅಕ್ಕ ಮಂಚದ ಮೇಲೆ ಕಾಲು ಮಡಿಸಿ ಕೂತು, “ಲೇ, ಊರಿಗೆಲ್ಲ ನೀರಿನ ಪಾಠ ಹೇಳ್ತೀಯಾ, ನಮ್ಮನೆ ಬಚ್ಚಲು ನಿನ್ನ ಮಾತು ಕೇಳಲ್ವಲ್ಲೇ!” ಎಂದು ರೇಗಿಸುತ್ತಿದ್ದರು. ಜಾಕಿ ಕೊಟ್ಟು ಮನೆ ಎತ್ತುವವರನ್ನು ಕರೆಸಿದ್ದಾಯಿತು. ಅವರು ಗೋಡೆ ತಟ್ಟಿ ನೋಡಿ, ತಡೆಯೋದಿಲ್ಲ ಎಂದು ಹೋದರು. ಬೇರೆ ಮನೆಗೆ ಹೋಗೋಣ ಎಂದು ಮೇಡಂ ಒಮ್ಮೆ ಬಾಯಿಬಿಟ್ಟಾಗ ಅಕ್ಕ, “ನಾನ್ಯಾಕೆ ಹೋಗ್ಲಿ? ಮೇಲೆ ಬಂದಿರೋದು ರಸ್ತೆ. ಅದನ್ನ ಇಳಿಸು. ನೀನು ತಾನೇ ಲೆವೆಲ್ ಮೇಡಂ?” ಎಂದುಬಿಟ್ಟರು. ಅದು ತಮಾಷೆಯಲ್ಲ. ತಂಗಿ ಮನಸ್ಸು ಮಾಡಿದರೆ ರಸ್ತೆ ಇಳಿಯುತ್ತದೆ ಎಂದು ಅವರು ನಿಜವಾಗಿ ನಂಬಿದ್ದರು. ಆ ನಂಬಿಕೆಯೇ ಮೇಡಂಗೆ ಎಲ್ಲಕ್ಕಿಂತ ಭಾರವಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆಗ ಆ ರಸ್ತೆಗೆ ಕಾಂಕ್ರೀಟು ಹಾಕುವ ಸುದ್ದಿ ಬಂತು. ಕಾಂಕ್ರೀಟೆಂದರೆ ಇನ್ನು ಒಂದು ತಲೆಮಾರು ಯಾರೂ ಮುಟ್ಟುವುದಿಲ್ಲ. ಹಳೆಯ ಟಾರನ್ನೆಲ್ಲ ಕೆರೆದು ತೆಗೆದು ಕಾಂಕ್ರೀಟನ್ನು ತಗ್ಗಿನಲ್ಲಿ ಹಾಕಿದರೆ ಮನೆ ಉಳಿಯಿತು. ಇದ್ದದ್ದರ ಮೇಲೇ ಹಾಕಿದರೆ ಮುಗಿಯಿತು. ಅದೃಷ್ಟಕ್ಕೆ ಆ ಕೆಲಸದ ನಕ್ಷೆ ಮಾಡುವ ಸಂಸ್ಥೆಯಲ್ಲಿ ಇದ್ದವನು ನಮ್ಮ ವಿನಯ್. ನನ್ನ ಸಹಪಾಠಿ, ಮೇಡಂಗೆ ಬಲು ಪ್ರಿಯನಾದ ಶಿಷ್ಯ. ವಿನಯ್ ತಾನೇ ಲೆವೆಲ್ ಯಂತ್ರ ಹಿಡಿದುಕೊಂಡು ಬಂದು ಬೀದಿಯ ಹೊಸ್ತಿಲುಗಳನ್ನೆಲ್ಲ ಅಳೆದ. ಎಲ್ಲಕ್ಕಿಂತ ತಗ್ಗಿನದು ಮೇಡಂ ಮನೆಯದೇ. ಅದರ ಮೇಲೆ ಸೊನ್ನೆ ಇಟ್ಟು ಇಡೀ ರಸ್ತೆಯನ್ನು ಕೆಳಗಿಳಿಸಿ ನಕ್ಷೆ ಬಿಡಿಸಿದ. ಅದಕ್ಕೆ ಒಪ್ಪಿಗೆಯೂ ಸಿಕ್ಕಿತು.

ಆ ಭಾನುವಾರ ಅಕ್ಕ ಕೇಸರಿಬಾತ್ ಮಾಡಿಸಿದರು. ವಿನಯ್ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದ. ಮೇಡಂ ಕನ್ನಡಕ ಹಣೆಗೇರಿಸಿ, ಬಗ್ಗಿ, ಅಭ್ಯಾಸದಂತೆ, “ಸೊನ್ನೆ ಎಲ್ಲಿದೆ?” ಎಂದರು. ವಿನಯ್ ಬೆರಳಿಟ್ಟು ತೋರಿಸಿದ. “ನಿಮ್ಮ ಹೊಸ್ತಿಲ ಮೇಲೆ, ಮೇಡಂ.” ಅವರು ತುಂಬ ಹೊತ್ತು ಆ ಸಣ್ಣ ಗುರುತನ್ನೇ ನೋಡುತ್ತಿದ್ದರು. ಆಮೇಲೆ ಅವನ ತಲೆ ಸವರಿದರು. ನಮ್ಮಿಬ್ಬರ ಓದಿನ ಕಾಲದಲ್ಲಿ ಅವರು ಯಾರ ತಲೆಯನ್ನೂ ಸವರಿದ್ದು ನೋಡಿರಲಿಲ್ಲ. ಅಕ್ಕ, “ಇನ್ನೂ ಸ್ವಲ್ಪ ಇಳಿಸೋಕಾಗಲ್ವೇನೋ? ನಂಗೆ ಜನರ ಮುಖ ಕಾಣ್ಬೇಕು” ಎಂದು ಚೌಕಾಸಿ ಮಾಡಿದರು. ನನ್ನ ನೆನಪಿನಲ್ಲಿ ಆ ಮನೆ ಹೀಗೇ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು.

ಕೆಲಸ ಶುರುವಾಯಿತು. ಟಾರು ಕೆರೆಯುವ ಯಂತ್ರ ಬೀದಿಯ ತುದಿಯಿಂದ ಬಂದು, ಸ್ವಲ್ಪ ಕೆರೆದು, ನಿಂತುಬಿಟ್ಟಿತು. ವಿನಯ್ ನನಗೂ ಫೋನ್ ಮಾಡಿದ. ನಾನು ಹೋಗುವಷ್ಟರಲ್ಲಿ ಮೇಡಂ ರಸ್ತೆ ಮಧ್ಯೆ ಕುಕ್ಕರಗಾಲಲ್ಲಿ ಕೂತಿದ್ದರು. ಕೆರೆದ ಜಾಗದಲ್ಲಿ ಕುಡಿಯುವ ನೀರಿನ ಪೈಪು, ಕರೆಂಟಿನ ಕೇಬಲ್ಲು ಎಲ್ಲ ಕೈಗೆ ಸಿಗುವಷ್ಟು ಮೇಲೆ ಕಾಣುತ್ತಿದ್ದವು. ಅವನ್ನು ಹಾಕಿದವರೂ ಆಗಿನ ರಸ್ತೆಯನ್ನು ಸೊನ್ನೆ ಎಂದುಕೊಂಡೇ ಆಳ ಅಳೆದಿದ್ದರು. ಸೈಟ್ ಎಂಜಿನಿಯರ್ ಒಳ್ಳೆಯ ಮನುಷ್ಯ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. “ಮೇಡಂ, ಇದಕ್ಕಿಂತ ಕೆಳಗೆ ಹೋದ್ರೆ ಇಡೀ ಏರಿಯಾಗೆ ನೀರಿರಲ್ಲ, ಕರೆಂಟಿರಲ್ಲ. ಪೈಪ್ ಇಳಿಸೋದು ಬೇರೆಯವರ ಕೆಲಸ. ಅವರನ್ನ ಕೇಳಿದ್ರೆ, ರಸ್ತೆ ಮುಗಿಸಿ ಆಮೇಲೆ ನೋಡೋಣ ಅಂತಾರೆ. ನಾನೇನ್ ಮಾಡ್ಲಿ ಹೇಳಿ?”

ಅಷ್ಟರಲ್ಲಿ ಬೀದಿಯವರು ಸೇರಿದರು. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯನ್ನು ಏರಿದ ರಸ್ತೆಗೆ ಹೊಂದಿಸಿ ಎತ್ತರಿಸಿಕೊಂಡಿದ್ದರು. ರಸ್ತೆ ಇಳಿದರೆ ಅವರ ಗೇಟುಗಳು ಗಾಳಿಯಲ್ಲಿ ತೂಗಾಡಬೇಕು. ಎದುರುಮನೆ ಗೌಡರು ಆ ಜಾಗವೆಲ್ಲ ಹೊಲವಾಗಿದ್ದಾಗಿನಿಂದ ಅಲ್ಲಿದ್ದವರು. ಈಗ ಹೊಲದ ಮೇಲೆ ಪಿ.ಜಿ. ಹಾಸ್ಟೆಲು ಕಟ್ಟಿಸಿದ್ದಾರೆ. ಅವರು ಮೇಡಂ ಎದುರು ಕೈಕಟ್ಟಿ ನಿಂತು, “ತಪ್ಪು ತಿಳ್ಕೋಬ್ಯಾಡಿ ಮೇಡಮ್ಮೋರೆ. ನಿಮ್ ಕಷ್ಟ ನಂಗ್ ಗೊತ್ತು. ಆದ್ರೆ ರಸ್ತೆ ಇಳಿಸಿದ್ರೆ ನಮ್ ಕಾರು ಒಳೀಕ್ ಬರಾಕಿಲ್ಲ. ಎಲ್ಲಾ ಮನೆಯೋರ್ದೂ ಅಂಗೇಯ” ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಯಾರ ಮಾತಿನಲ್ಲೂ ಇರಲಿಲ್ಲ. ಒಬ್ಬನಾದರೂ ಕೆಟ್ಟವನಿದ್ದಿದ್ದರೆ ಅವನ ಮೇಲೆ ಹಾರಿಬೀಳಬಹುದಿತ್ತು. ನನಗೆ ಬೈಯಲು ಯಾರೂ ಸಿಗಲಿಲ್ಲ.

ವಿನಯ್ ನಕ್ಷೆಯನ್ನು ಒಂದು ಸ್ಕೂಟರಿನ ಸೀಟಿನ ಮೇಲೆ ಹರಡಿಕೊಂಡು ನಿಂತಿದ್ದ. ಹೊಸ ನಕ್ಷೆ ಸಂಜೆಯೊಳಗೆ ಬೇಕು ಎಂದು ಅವನ ಆಫೀಸಿನಿಂದ ಫೋನಿನ ಮೇಲೆ ಫೋನು. “ಮೇಡಂ, ಎಲ್ಲಾ ಕಡೆ ಕೇಳ್ದೆ. ಯಾರೂ...” ಎಂದ. ಮೇಡಂ ಎದ್ದು ಬಂದು, ಸೀರೆಯ ಧೂಳು ಕೊಡವಿ, “ಪೆನ್ ಕೊಡು” ಎಂದರು. ಅವನು ಕೊಟ್ಟ. ಅವರು ತಮ್ಮ ಹೊಸ್ತಿಲ ಮೇಲಿದ್ದ ಗುರುತಿನ ಮೇಲೆ ಗೀಟು ಎಳೆದರು. ರಸ್ತೆಯ ನೆತ್ತಿಯ ಮೇಲೆ ಹೊಸದಾಗಿ ಒಂದು ಸೊನ್ನೆ ಬರೆದರು. ನಾವು ಹಾಗೆ ಬರೆದಾಗಲೆಲ್ಲ ಯಾವುದಕ್ಕೆ ಹಾಳೆಯನ್ನೇ ಕಿತ್ತು ಕೈಗೆ ಕೊಡುತ್ತಿದ್ದರೋ ಅದೇ ಸೊನ್ನೆ.

“ಯಾರಾದ್ರೂ ಕೇಳಿದ್ರೆ ಮೇಡಮ್ಮೇ ಹಾಕಿದ್ದು ಅನ್ನು,” ಎಂದು ಪೆನ್ನು ಅವನ ಜೇಬಿಗೆ ಸಿಕ್ಕಿಸಿದರು. ವಿನಯ್ ರಸ್ತೆಯಲ್ಲೇ ಅತ್ತುಬಿಟ್ಟ. ಕೆಳಗೆ ಜಗಲಿಯಿಂದ ಅಕ್ಕ, “ಅದ್ಯಾರೇ ಅಳ್ತಿರೋದು? ನಂಗೆ ಶೂ ಮಾತ್ರ ಕಾಣ್ತಿದೆ” ಎಂದು ಕೂಗಿದರು. “ಧೂಳು ಬಿತ್ತಂತೆ ಅಕ್ಕ, ಕಣ್ಣಿಗೆ” ಎಂದು ಮೇಡಂ ಕೂಗಿ ಹೇಳಿದರು.

ಕಾಂಕ್ರೀಟು ಬಿದ್ದ ಮೇಲೆ ಬಂದ ಮೊದಲ ದೊಡ್ಡ ಮಳೆಯೇ ಸಾಕಾಯಿತು. ಮಧ್ಯಾಹ್ನದ ಮಳೆ. ನಾನು ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿ ಓಡಿದೆ. ಹೋಗಿ ಮಾಡಿದ್ದೇನೂ ಇಲ್ಲ, ಛತ್ರಿ ಹಿಡಿದು ನಿಂತೆ ಅಷ್ಟೇ. ಗೌಡರು ತಮ್ಮ ಪಿ.ಜಿ. ಯುವಕರನ್ನು ಕರೆತಂದು, ಅಕ್ಕನನ್ನು ಬೆತ್ತದ ಕುರ್ಚಿಯ ಸಮೇತ ಎತ್ತಿಸಿ ಮೇಲಕ್ಕೆ ತಂದರು. “ದೇವರ ಉತ್ಸವ ಆದ್ಹಾಗಾಯ್ತಲ್ಲೋ, ನಿಧಾನಕ್ಕೆ ಹಿಡೀರಿ” ಎಂದು ಅಕ್ಕ ಆಗಲೂ ನಗಾಡಿದರು. ರಸ್ತೆಯ ಮಟ್ಟಕ್ಕೆ ಬಂದಾಗ ಸುತ್ತ ನೋಡಿ, “ಅಯ್ಯೋ, ಗೌಡ್ರೇ, ಎಷ್ಟು ದಿವಸ ಆಯ್ತು ನಿಮ್ಮ ಮುಖ ನೋಡಿ! ತಲೆ ಎಲ್ಲಾ ಬೆಳ್ಳಗಾಗಿದೆ” ಎಂದರು. ಗೌಡರು ಮುಖ ಆ ಕಡೆ ತಿರುಗಿಸಿಕೊಂಡರು. ಮೇಡಂ ಮೊಣಕಾಲಿನವರೆಗಿನ ನೀರಿನಲ್ಲಿ ಬಾಗಿಲಲ್ಲೇ ನಿಂತಿದ್ದರು. ನಾನು ಕರೆದರೆ, “ಬರ್ತೀನಿ ಇರು, ಎಲ್ಲಿಂದ ಬರ್ತಿದೆ ಅಂತ ನೋಡ್ತಿದೀನಿ” ಎಂದರು. ಎಲ್ಲಿಂದ ಬರುತ್ತಿದೆ ಎಂಬುದು ಈ ಊರಿನಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಅಂಜನಾಪುರದ ಕಡೆ ಒಂದು ಫ್ಲ್ಯಾಟು ಬಾಡಿಗೆಗೆ ಹಿಡಿದರು. ಮೇಲಿನ ಅಂತಸ್ತು, ಲಿಫ್ಟಿದೆ. “ಮಳೆಗಾಲ ಮುಗಿಯೋವರೆಗೆ” ಎಂದು ಅಕ್ಕನನ್ನು ಒಪ್ಪಿಸಿದ್ದರು. ಹಳೆಯ ಮನೆಯ ಬೀಗದಕೈ ಅಕ್ಕನ ಸೊಂಟದಲ್ಲೇ ಇತ್ತು. ನಾನು ಹೋದಾಗಲೆಲ್ಲ, “ರಸ್ತೆ ಎಷ್ಟು ಇಳಿಸಿದ್ರಂತೆ?” ಎಂದು ಕೇಳುತ್ತಿದ್ದರು. ಮೇಡಂ ಅಡುಗೆಮನೆಯಿಂದಲೇ, “ಪೈಪ್ ಇಳಿಸ್ತಿದಾರೆ ಅಕ್ಕ, ಆಮೇಲೆ ರಸ್ತೆ” ಎನ್ನುತ್ತಿದ್ದರು. ಅಕ್ಕ ನನ್ನ ಕಡೆ ತಿರುಗಿ ಹೆಮ್ಮೆಯಿಂದ, “ನಾನ್ ಹೇಳ್ಲಿಲ್ವಾ? ಇವಳು ಹಿಡಿದ್ರೆ ಬಿಡೋಳಲ್ಲ” ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಅಷ್ಟು ಎತ್ತರದ ಬಾಲ್ಕನಿಯಿಂದ ಅಕ್ಕನಿಗೆ ಈಗ ಜನರ ತಲೆ ಮಾತ್ರ ಕಾಣುತ್ತಿತ್ತು. ಮುಖ ಅಲ್ಲೂ ಸಿಗಲಿಲ್ಲ.

ಕಾಲೇಜಿನಲ್ಲಿ ಮೇಡಂ ಆ ಪ್ರಶ್ನೆ ಕೇಳುವುದನ್ನು ಬಿಟ್ಟುಬಿಟ್ಟರು ಎಂದು ಅಲ್ಲಿ ಪಾಠ ಮಾಡುವ ಗೆಳತಿ ಹೇಳಿದಳು. ಹಾಳೆಗಳ ಮುಂದೆ ನಿಲ್ಲುತ್ತಾರಂತೆ, ಕನ್ನಡಕ ಹಣೆಗೇರಿಸುತ್ತಾರಂತೆ, ಆಮೇಲೆ “ಚೆನ್ನಾಗಿದೆ” ಎಂದು ಮುಂದೆ ಹೋಗುತ್ತಾರಂತೆ. ಹುಡುಗರಿಗೆ ಖುಷಿ.

ಅವರ ನಿವೃತ್ತಿಗೆ ಸ್ವಲ್ಪ ಮೊದಲು ನಡೆದ ಕೊನೆಯ ಜ್ಯೂರಿಗೆ ನನ್ನನ್ನೂ ಕರೆದಿದ್ದರು. ಆ ವರ್ಷದ ವಿದ್ಯಾರ್ಥಿಗಳಿಗೆ ಮಳೆನೀರು ನುಗ್ಗುವ ಬಡಾವಣೆಯೊಂದನ್ನು ಸರಿಪಡಿಸುವ ಕೆಲಸ ಕೊಟ್ಟಿದ್ದರು. ಬಡಾವಣೆ ಆರಿಸಿದ್ದು ಬೇರೆ ಅಧ್ಯಾಪಕರು. ಒಳಗೆ ಹೋಗಿ ಗೋಡೆಯ ಮೇಲಿನ ನಕ್ಷೆ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಬನಶಂಕರಿ. ಆ ಅಡ್ಡರಸ್ತೆಗಳು. ಮೇಡಂ ಕಡೆ ನೋಡಿದೆ. ಅವರು ಬಾಟಲಿಯನ್ನು ಮೇಜಿನ ಮೇಲಿಟ್ಟು ಕೂತಿದ್ದರು.

ಕೊನೆಗೆ ಬಂದವಳು ಹುಬ್ಬಳ್ಳಿಯ ಹುಡುಗಿ. ತೀರಾ ಜಾಣೆ. ಮೇಡಂ ಅವರ ಹಳೆಯ ವಿದ್ಯಾರ್ಥಿಗಳಿಂದ ಆ ಪ್ರಶ್ನೆಯ ಕಥೆಯನ್ನು ಕೇಳಿಕೊಂಡು ತಯಾರಾಗಿ ಬಂದಿದ್ದಳು. “ಮೇಡಂ, ನಾನು ನೀವು ಹೇಳೋ ಹಂಗ ಮಾಡೇನ್ರೀ. ಇಡೀ ಏರಿಯಾದಾಗ ಎಲ್ಲಾದಕ್ಕಿಂತ ತಗ್ಗಿರೋ ಹೊಸ್ತಿಲು ಹುಡುಕಿ ಅದರ ಮ್ಯಾಲೆ ಸೊನ್ನಿ ಇಟ್ಟೇನ್ರೀ” ಎಂದು ಕಡ್ಡಿಯಿಂದ ತೋರಿಸಿದಳು. ಪಕ್ಕದಲ್ಲಿ ಒಂದು ಫೋಟೋ ಅಂಟಿಸಿದ್ದಳು. ಗೇಟಿನ ಸಿಮೆಂಟು ಒಡ್ಡು, ಇಳಿಜಾರು, ಬಾಗಿಲಿಗೆ ಬೀಗ, ಗೋಡೆಯ ಮೇಲೆ ನೀರು ನಿಂತ ಗೆರೆ.

ಮೇಡಂ ಎದ್ದು ಹತ್ತಿರ ಹೋದರು. ಕನ್ನಡಕ ಹಣೆಗೇರಿಸಿ ಬಗ್ಗಿದರು. “ಈ ಮನೇಲಿ ಯಾರಿದಾರಮ್ಮಾ?” ಎಂದು ಕೇಳಿದರು.

“ಯಾರೂ ಇಲ್ರೀ ಮೇಡಂ, ಖಾಲಿ ಐತ್ರೀ. ಅದಕ್ಕ ನಾ ಅದನ್ನ ತಗದು ಅಲ್ಲೆ ಒಂದು ಸಣ್ಣ ಹೊಂಡ ಮಾಡೇನ್ರೀ. ಇಡೀ ಏರಿಯಾದ ಮಳಿನೀರು ಅಲ್ಲಿಗೇ ಬರ್ತದ್ರೀ. ಉಳದವ್ರ ಮನಿಗೆ ಒಂದ್ ಹನಿ ಹೋಗಂಗಿಲ್ಲ.”

ಅವಳು ತನ್ನ ಮಾಡೆಲ್‌ನ ಮೇಲಿನ ಬಟ್ಟೆ ತೆಗೆದಳು. ಬಹಳ ಅಚ್ಚುಕಟ್ಟಾದ ಕೆಲಸ. ಮನೆ ಇದ್ದ ಜಾಗದಲ್ಲಿ ನೀಲಿ ಬಳಿದ ಪುಟ್ಟ ಕುಳಿ, ಸುತ್ತ ಕೂರಲು ಕಟ್ಟೆ. ನನಗೆ ಎದ್ದು ಏನಾದರೂ ಹೇಳಬೇಕೆನಿಸಿತು. ಆದರೆ ಆ ಹುಡುಗಿ ಮಾಡಿದ್ದರಲ್ಲಿ ತಪ್ಪೇ ಇರಲಿಲ್ಲ. ಮೇಡಂ ಜೀವಮಾನವಿಡೀ ಕಲಿಸಿದ್ದನ್ನು ಅಷ್ಟು ಸರಿಯಾಗಿ ನಾನಾಗಲೀ ವಿನಯ್ ಆಗಲೀ ಮಾಡಿದವರಲ್ಲ.

ಮೇಡಂ ಬಾಟಲಿಯ ಮುಚ್ಚಳ ತಿರುಗಿಸಿದರು. “ನೀರು ಹಾಕೋಣ್ವಾ?”

ಮೇಲಿನ ರಸ್ತೆಯ ತುದಿಯಿಂದ ನಿಧಾನವಾಗಿ ಸುರಿದರು. ನೀರು ದೊಡ್ಡ ರಸ್ತೆ ಇಳಿದು, ತಿರುವಿನಲ್ಲಿ ತಿರುಗಿ, ಒಂದೊಂದು ಅಡ್ಡರಸ್ತೆಯಿಂದಲೂ ಸೇರಿಕೊಂಡು, ಯಾರ ಮನೆಯನ್ನೂ ಮುಟ್ಟದೆ ಬಂದು ಆ ಕುಳಿಯಲ್ಲಿ ತುಂಬಿ ನಿಂತಿತು. ಮೇಜಿನ ಮೇಲೆ ಒಂದು ಹನಿ ಬೀಳಲಿಲ್ಲ. ಅಷ್ಟು ವರ್ಷಗಳಲ್ಲಿ ಅವರ ಬಾಟಲಿಯ ಎದುರು ಗೆದ್ದ ಮೊದಲ ಮಾಡೆಲ್ ಅದು. ಹುಡುಗರೆಲ್ಲ ಚಪ್ಪಾಳೆ ಹೊಡೆದರು. ಮೇಡಂ ಕುಳಿಯ ಅಂಚನ್ನು ಬೆರಳಿನಿಂದ ಒಮ್ಮೆ ಮುಟ್ಟಿದರು. “ಸರಿಯಾಗಿದೆ ಕಣಮ್ಮ. ತುಂಬಾ ಸರಿಯಾಗಿದೆ” ಎಂದರು. ಎಲ್ಲರಿಗಿಂತ ಹೆಚ್ಚು ಮಾರ್ಕು ಅವಳಿಗೇ ಕೊಟ್ಟರು.

ಹೊರಗೆ ನಾವಿಬ್ಬರೂ ಆಟೋ ಕಾಯುತ್ತ ನಿಂತೆವು. ಮೋಡ ಕಟ್ಟುತ್ತಿತ್ತು. ಆಟೋ ಬಂತು, ಮೇಡಂ ಹತ್ತಿ ಕೂತರು, ಖಾಲಿ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡರು. ಡ್ರೈವರ್ ಮೀಟರ್ ಹಾಕುವಾಗ ತಲೆ ಹೊರಗೆ ಚಾಚಿ ನನ್ನ ಕೈ ಹಿಡಿದರು.

“ಅಕ್ಕಂಗೆ ಹೇಳ್ಬೇಡ ಕಣೇ.”